‘ಟೇಕ್’ ಎಂದರೆ ಬರೀ ‘ತೆಗೆದುಕೊಳ್ಳು’ ಅಲ್ಲವಲ್ಲ: ಅನುಭವಸ್ಥರು ತಿಳಿಸಿ

ಪ್ರಶ್ನೆ, ಉಡುಪಿಯಿಂದ: ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಮಗಳು ಈ ವರ್ಷ ನರ್ಸಿಂಗ್ ಸೇರಿದ್ದಾಳೆ. ‘ಟೇಕ್’ ಎಂಬ ಒಂದೇ ಕ್ರಿಯಾಪದ ಅವಳನ್ನು ದಿನವೂ ಕಾಡುತ್ತಿದೆ. ನೀವು ಅದನ್ನು ಹೇಗೆ ಕಲಿತಿರಿ?

ಮಂಗಳೂರಿನಿಂದ: ಅಕ್ಕಾ, ನಾನೂ ಕನ್ನಡ ಶಾಲೆಯಲ್ಲಿ ಕಲಿತು ನರ್ಸ್ ಆದವಳು. ತರಬೇತಿಯ ದಿನಗಳಲ್ಲಿ ವೈದ್ಯರು ‘ಟೇಕ್ ಟು ಟ್ಯಾಬ್ಲೆಟ್ಸ್’ ಎಂದದ್ದನ್ನು ನಾನು ಒಬ್ಬ ಅಜ್ಜಿಗೆ ‘ಊಟವಾದ ಮೇಲೆ ಎರಡು ಮಾತ್ರೆ ತೆಗೆದುಕೊಳ್ಳಿ’ ಎಂದು ಪದಕ್ಕೆ ಪದವಿಟ್ಟು ಹೇಳಿದೆ. ಸಂಜೆ ವಿಚಾರಿಸಿದಾಗ ಅವರು ‘ಆಗಲೇ ತೆಕ್ಕೊಂಡೆ ಮಾರಾಯ್ತಿ’ ಎನ್ನುತ್ತಾ ಸೆರಗಿನ ಗಂಟು ಬಿಚ್ಚಿ, ಮದ್ದಿನ ಅಂಗಡಿಯಿಂದ ಕೊಂಡ ಎರಡು ಮಾತ್ರೆಗಳನ್ನು ತೋರಿಸಿದರು. ಅಜ್ಜಿಯದು ತಪ್ಪಲ್ಲ, ಅಂಗಡಿಯಲ್ಲಿ ತೆಗೆದುಕೊಳ್ಳುವುದೆಂದರೆ ಕೊಳ್ಳುವುದೇ, ಮದ್ದನ್ನಾದರೋ ನಮ್ಮ ಕಡೆ ತಿನ್ನುತ್ತಾರೆ ಅಥವಾ ಕುಡಿಯುತ್ತಾರೆ. ಅಂದಿನಿಂದ ನಾನು ‘ಟೇಕ್’ ಅನ್ನು ಒಂಟಿಯಾಗಿ ಬರೆದುಕೊಳ್ಳುವುದನ್ನು ಬಿಟ್ಟು, ಜೊತೆಗೆ ಬರುವ ನಾಮಪದವನ್ನೂ ಸೇರಿಸಿ, ಎದುರಿಗೆ ನಾವು ನಿಜವಾಗಿ ಆಡುವ ಮಾತನ್ನು ಬರೆಯತೊಡಗಿದೆ. ಟೆಂಪರೇಚರ್ ಆದರೆ ಜ್ವರ ನೋಡುತ್ತೇವೆ, ಬ್ಲಡ್ ಆದರೆ ತೆಗೆಯುತ್ತೇವೆ, ಬಸ್ಸನ್ನು ಹಿಡಿಯುತ್ತೇವೆ, ಪರೀಕ್ಷೆಯನ್ನು ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಟೇಕ್’ ಒಂದೇ ಸಾಕು.

ಬ್ರಹ್ಮಾವರದಿಂದ, ನಿವೃತ್ತ ಶಿಕ್ಷಕ: ಮೇಲಿನ ಸಲಹೆಗೆ ‘ಬ್ರಿಂಗ್’ ಅನ್ನೂ ಸೇರಿಸುತ್ತೇನೆ, ಏಕೆಂದರೆ ಮಕ್ಕಳು ಹೆಚ್ಚು ಎಡವುವುದು ಅಲ್ಲಿಯೇ. ಕನ್ನಡದಲ್ಲಿ ಫೈಲನ್ನು ‘ತೆಗೆದುಕೊಂಡು’ ಹೋಗುತ್ತೇವೆ, ರೋಗಿಯನ್ನು ‘ಕರೆದುಕೊಂಡು’ ಹೋಗುತ್ತೇವೆ. ಇಂಗ್ಲಿಷ್ ಈ ಭೇದವನ್ನು ಎಣಿಸದೆ ದಿಕ್ಕನ್ನು ಮಾತ್ರ ನೋಡುತ್ತದೆ. ವಾರ್ಡಿನಲ್ಲಿ ಪಕ್ಕದವರಿಗೆ ‘ರೋಗಿಯನ್ನು ಎಕ್ಸ್‌-ರೇಗೆ ಕರೆದುಕೊಂಡು ಹೋಗುತ್ತೇನೆ’ ಎನ್ನುವಾಗ ‘ಟೇಕ್’, ಎಕ್ಸ್‌-ರೇ ಕೋಣೆಗೆ ಫೋನ್ ಮಾಡಿ ‘ಕರೆದುಕೊಂಡು ಬರುತ್ತೇನೆ’ ಎನ್ನುವಾಗ ‘ಬ್ರಿಂಗ್’. ಕನ್ನಡ ವಾಕ್ಯದ ಕೊನೆಯಲ್ಲಿ ‘ಹೋಗು’ ಇದೆಯೋ ‘ಬರು’ ಇದೆಯೋ ಎಂದು ನೋಡಿಕೊಂಡರೆ ಸಾಮಾನ್ಯವಾಗಿ ತಪ್ಪುವುದಿಲ್ಲ. ‘ಟೇಕ್ ಆಫ್’, ‘ಟೇಕ್ ಓವರ್’ ಮುಂತಾದವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಬೇಡಿ. ಬಜ್ಪೆಯಲ್ಲಿ ವಿಮಾನ ನೆಲ ಬಿಟ್ಟು ಮೇಲೇರುವುದಕ್ಕೂ ಕಾಲಿನ ಚಪ್ಪಲಿ ಕಳಚುವುದಕ್ಕೂ ‘ಟೇಕ್ ಆಫ್’ ಒಂದೇ ಆದ್ದರಿಂದ, ವಾಕ್ಯದಲ್ಲಿ ಸಿಕ್ಕಿದಾಗ ಕಲಿತರಷ್ಟೇ ಅದು ನೆನಪಿನಲ್ಲಿ ಉಳಿಯುತ್ತದೆ.

ಮಂಗಳೂರಿನಿಂದಲೇ ಇನ್ನೊಬ್ಬರು, ಭಾಷಾಸಕ್ತ: ಒಂದು ಉಪಕತೆ. ‘ಟೇಕ್’ ಇಂಗ್ಲಿಷಿಗೆ ಸ್ಕ್ಯಾಂಡಿನೇವಿಯದ ಭಾಷೆಯಿಂದ ಬಂದ ಪದ. ಅದೇ ಅರ್ಥದ ಹಳೆಯ ಇಂಗ್ಲಿಷ್ ಪದ ‘ನಿಮನ್’ ಅದರೆದುರು ಮೂಲೆ ಸೇರಿತು. ಆ ‘ನಿಮನ್’ನ ಕುಡಿಯಾದ ‘ನಂಬ್’ (ಮರಗಟ್ಟಿದ) ಎಂಬ ಪದವನ್ನು ನಿಮ್ಮ ಮಗಳು ವಾರ್ಡಿನಲ್ಲಿ ಕೇಳಿಯೇ ಇರುತ್ತಾಳೆ. ಅದರ ಮೂಲಾರ್ಥ ‘ಹಿಡಿಯಲ್ಪಟ್ಟದ್ದು’ ಎಂದು. ನಾವೂ ‘ಕಾಲಿಗೆ ಜೋಮು ಹಿಡಿಯಿತು’ ಎಂದೇ ಹೇಳುತ್ತೇವೆ.