ಮಾಮೂಲಿ ಅಕ್ಷರಗಳನ್ನೇ ಉಬ್ಬಿಸಿದ್ದರೆ ಸಾಕಿತ್ತಲ್ವಾ?

ಪ್ರಶ್ನೆ:
ಸುಮ್ನೆ ಒಂದು ಅನುಮಾನ. ಕಣ್ಣು ಕಾಣದವರಿಗೆ ಬ್ರೈಲ್ ಅಂತ ಬೇರೆ ಲಿಪಿ ಯಾಕೆ ಬೇಕಾಯಿತು? ಎಲ್ಲರೂ ಓದುವ ಅಕ್ಷರವನ್ನೇ ಉಬ್ಬಿಸಿ ಅಚ್ಚು ಹಾಕಿದ್ದರೆ ಮನೆಯವರೂ ಓದಬಹುದಿತ್ತು ಅಲ್ವಾ?

ಉತ್ತರ:
ಮೊದಲು ಮಾಡಿದ್ದೇ ಅದನ್ನು. ಪ್ಯಾರಿಸ್‌ನಲ್ಲಿ ಅಂಧ ಮಕ್ಕಳ ಶಾಲೆ ತೆರೆದ ವಾಲೆಂಟಿನ್ ಆಯುಯಿ ಉಬ್ಬಕ್ಷರದ ಪುಸ್ತಕಗಳನ್ನೇ ಮಾಡಿಸಿದ್ದರು. 1819ರಲ್ಲಿ ಆ ಶಾಲೆಗೆ ಸೇರಿದ ಹತ್ತು ವರ್ಷದ ಲೂಯಿ ಬ್ರೈಲ್ ಓದಿದ್ದೂ ಅವನ್ನೇ.

ನಾನು ಮೂವತ್ತು ವರ್ಷದಿಂದ ಬ್ರೈಲ್ ಓದುವವನು. ಒಮ್ಮೆ ಗೆಳೆಯನೊಬ್ಬ ಉಬ್ಬಿಸಿದ ರೋಮನ್ ಅಕ್ಷರದ ಹಾಳೆ ಕೊಟ್ಟ. ಒಂದೊಂದರ ಸುತ್ತಲೂ ಬೆರಳು ಸುತ್ತಿಸಬೇಕು. ಇದು ಓ... ಅಲ್ಲ, ಸಿ... ತಡಿ, ಕ್ಯೂ! ಸಾಲು ಮುಗಿಯುವಷ್ಟರಲ್ಲಿ ಮೊದಲ ಪದ ಮರೆತೇಹೋಗಿತ್ತು. ಬ್ರೈಲ್‌ನಲ್ಲಿ ಬೆರಳು ಸುತ್ತುವುದಿಲ್ಲ, ಜಾರುತ್ತಾ ಹೋಗುತ್ತದೆ. ಒಂದು ಅಕ್ಷರಕ್ಕೆ ಉಬ್ಬು ಚುಕ್ಕಿಗಳ ಒಂದು ಮನೆ, ಅದರಲ್ಲಿ ಹೆಚ್ಚೆಂದರೆ ಆರು ಚುಕ್ಕಿ. ಆ ಇಡೀ ಮನೆ ಬೆರಳ ತುದಿಯ ಕೆಳಗೇ ಕೂರುತ್ತದೆ.

ನನಗೆ ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಉಬ್ಬಕ್ಷರವನ್ನು ಹೇಗೋ ಓದಬಹುದು, ನಾವೇ ಬರೆಯುವುದು ಹೇಗೆ? ಚುಕ್ಕಿಗಾದರೆ ಸ್ಲೇಟು (ಹಾಳೆ ಹಿಡಿದಿಡುವ, ಕಿಂಡಿಗಳಿರುವ ಪಟ್ಟಿ), ಸ್ಟೈಲಸ್ (ಚುಚ್ಚುವ ಮೊಳೆಯಂಥ ಕಡ್ಡಿ) ಸಾಕು. (ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ ಬರೆಯಬೇಕು. ಎಡದಿಂದ ಶುರುಮಾಡಿ ನಾನು ಹಾಳುಮಾಡಿದ ಹಾಳೆಗಳಿಗೆ ಲೆಕ್ಕವಿಲ್ಲ.)

ಇನ್ನೊಬ್ಬರು:
ಚುಕ್ಕಿಯ ಯೋಚನೆ ಲೂಯಿಯದಲ್ಲವಲ್ಲ? ಸೈನಿಕರು ಕತ್ತಲಲ್ಲಿ ಓದಲಿ ಅಂತ ಯಾರೋ ಮಾಡಿದ್ದು ಅಂತ ಕೇಳಿದ್ದೆ.

ಉತ್ತರ:
ಶಾರ್ಲ್ ಬಾರ್ಬಿಯೇ ಎಂಬ ಫ್ರೆಂಚ್ ವ್ಯಕ್ತಿಯದು. ಸೈನಿಕರ ಕಥೆಯನ್ನು ಜಾಸ್ತಿ ನಂಬಬೇಡಿ, ಅವರ ಬರಹಗಳಲ್ಲೇ ಅಂಧರ ಪ್ರಸ್ತಾಪ ಇದೆ. ಅವರದು ಹನ್ನೆರಡು ಚುಕ್ಕಿ. ಅಕ್ಷರಕ್ಕಲ್ಲ, ಉಚ್ಚಾರಕ್ಕೆ ಗುರುತು. ಬೆರಳು ಮೇಲೆ ಕೆಳಗೆ ಓಡಾಡಬೇಕು, ಕಾಗುಣಿತ ಕಲಿಯುವ ಹಾಗೇ ಇಲ್ಲ. ಲೂಯಿ ಅದನ್ನು ಅರ್ಧಕ್ಕೆ ಇಳಿಸಿದ. ಆಗ ಹದಿನೈದು ವರ್ಷ! 1829ರಲ್ಲಿ ಪ್ರಕಟಿಸಿದಾಗ ಚುಕ್ಕಿಗಳ ಜೊತೆ ಸಣ್ಣ ಗೆರೆಗಳೂ ಇದ್ದವು. 1837ರಲ್ಲಿ ಅವನ್ನು ಕೈಬಿಟ್ಟ.

ಪ್ರಶ್ನೆ ಕೇಳಿದವರು:
ಸರಿ, ಆದರೆ ಮನೆಯವರಿಗೆ ಕಾಗದ ಬರೆಯುವುದು ಹೇಗೆ?

ಉತ್ತರ:
ಲೂಯಿಗೂ ಅದೇ ಚಿಂತೆ ಇತ್ತು ಅಂತ ಕಾಣುತ್ತದೆ. 1839ರಲ್ಲಿ ಚುಕ್ಕಿಗಳಿಂದಲೇ ಮಾಮೂಲಿ ಅಕ್ಷರ ಮೂಡಿಸುವ ಬೇರೊಂದು ವಿಧಾನ ಪ್ರಕಟಿಸಿದ. ಅದರಲ್ಲಿ ಅಕ್ಷರದ ಎತ್ತರಕ್ಕೆ ಹತ್ತು ಚುಕ್ಕಿ. ಅದು ನಾವು ಬರೆದದ್ದನ್ನು ಕಣ್ಣಿದ್ದವರೂ ಓದಲಿ ಅಂತ ಮಾಡಿದ್ದು.