ತಿಪಟೂರು ಕಡೆಯ ಹಳೇ ಕೊಟ್ಟಿಗೆ: ಅಟ್ಟದಲ್ಲಿ ಕೊಬ್ಬರಿ, ಕೆಳಗೆ ರೇಷ್ಮೆ ಆಗುತ್ತಾ?

ಹಿತ್ತಲಮನೆ:
ತಾತನ ಕಾಲದ ಕೊಟ್ಟಿಗೆ, 30x16 ಅಡಿ. ನಾಲ್ಕು ನಾಲ್ಕರಂತೆ ಎರಡು ಸಾಲು ಮರದ ಕಂಬ, ಕಂಬದ ತಲೆಗೆ ಕೂರಿಸಿದ ಮರದ ಬೋದಿಗೆ ಮೇಲೆ ತೊಲೆ, ಸೀಳಿದ ಅಡಿಕೆ ಮರದ ದಬ್ಬೆಯ ಅಟ್ಟ, ನಾಡಹೆಂಚು. ದನ ಈಗಿಲ್ಲ, ಅಟ್ಟಕ್ಕೆ ಮಾತ್ರ ಉಂಡೆ ಕೊಬ್ಬರಿಗೆ ಕಾಯಿ ಹಾಕ್ತೀವಿ. ಗೊಂತಿನ (ದನ ಕಟ್ಟುತ್ತಿದ್ದ ಜಾಗ) ಕಡೆ ಎರಡು ಕಂಬದ ಬುಡ ಮೆತ್ತಗಾಗಿದೆ. ಮೇಸ್ತ್ರಿ ಬುಡಕ್ಕೆ ಕಾಂಕ್ರೀಟ್ ಸುರಿಯೋಣ ಅಂತಾರೆ. ಸುತ್ತ ಗೋಡೆ ಎಬ್ಬಿಸಿ ಕೆಳಗೆ ರೇಷ್ಮೆ ಹುಳು ಸಾಕಬಹುದಾ?

ಉಳಿಬಾಚಿ:
ಕಾಂಕ್ರೀಟ್ ಬೇಡವೇ ಬೇಡ ಸರ್. ಗಂಜಲ ಕುಡಿದ ಬುಡ ಅದು. ಕಾಂಕ್ರೀಟ್ ಒಳಗೆ ತೇವ ಆರೋದಿಲ್ಲ, ಕೊಳೆಯೋದು ಕಣ್ಣಿಗೂ ಬೀಳೋದಿಲ್ಲ.

ಮೊದಲು ಅಟ್ಟ ಖಾಲಿ ಮಾಡಿ. ಸ್ಕ್ರೂಡ್ರೈವರ್ ಚುಚ್ಚುತ್ತಾ ಬುಡದಿಂದ ಮೇಲಕ್ಕೆ ಬನ್ನಿ. ಗಟ್ಟಿ ಮರ ಸಿಕ್ಕ ಕಡೆಯಿಂದ ಮೂರು ಇಂಚು ಮೇಲೆ ಗುರುತು ಹಾಕಿ. ಕಂಬದ ಎರಡೂ ಪಕ್ಕ ತೊಲೆಗೆ ಜಾಕಿ ಕೊಡಿ, ಜಾಕಿ ಅಡಿಗೆ ದಪ್ಪ ಹಲಗೆ ಇರಲಿ. ಕಂಬದ ಮೇಲಿನ ಭಾರ ಬಿಟ್ಟರೆ ಸಾಕು. ಆಸೆಪಟ್ಟು ಇಂಚುಗಟ್ಟಲೆ ಎತ್ತಿದರೆ ಬೋದಿಗೆ ಸೀಳುತ್ತೆ, ಹೆಂಚು ಜಾರುತ್ತೆ. ಕೊಳೆತದ್ದನ್ನು ಕೊಯ್ದು ಅಷ್ಟೇ ಎತ್ತರಕ್ಕೆ ಕಲ್ಲು ಕೂರಿಸಿ, ನಡುವೆ ಕಬ್ಬಿಣದ ಗೂಟ. ಕಲ್ಲು ನೆಲದಿಂದ 9 ಇಂಚಾದರೂ ಮೇಲಿರಲಿ. ಒಂದು ಸಲಕ್ಕೆ ಒಂದೇ ಕಂಬ. ಕೊಳೆತ ಎರಡು ಅಡಿ ದಾಟಿದ್ದರೆ ಕಂಬವನ್ನೇ ಬದಲಾಯಿಸಿ.

ಗುಡುಗುಡುಕಾಯಿ:
ಕಂಬಕ್ಕಿಂತ ಗೋಡೆಯ ಯೋಚನೆಯೇ ಅಪಾಯ. ಕಾಯಿ ಹತ್ತು-ಹನ್ನೊಂದು ತಿಂಗಳು ಕೂತು, ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಡಬೇಕು. ದಬ್ಬೆ ಸಂದಿಯಲ್ಲಿ ಕೆಳಗಿನಿಂದ ಗಾಳಿ ಬರಲೇಬೇಕು. ಮುಚ್ಚಿದರೆ ಮಳೆಗಾಲದಲ್ಲಿ ಬೂಷ್ಟು ಗ್ಯಾರಂಟಿ. ಸಿಪ್ಪೆ ಸಮೇತ ಹೊಸ ಕಾಯಿ ಸಾವಿರಕ್ಕೆ ಟನ್ ಮೇಲೇ ತೂಗುತ್ತೆ. ಅಟ್ಟದ ನಡುವೆ ಗುಡ್ಡೆ ಹಾಕಬೇಡಿ, ತೊಲೆ ಬಾಗೋದು ಅಲ್ಲೇ. ಸಮನಾಗಿ ಹರಡಿ.

ಹಿಪ್ಪುನೇರಳೆ, ಶಿಡ್ಲಘಟ್ಟ:
ರೇಷ್ಮೆ ಕೈಬಿಡಿ ಅಣ್ಣ. ಚಾಕಿ ಹುಳುವಿಗೆ (ಎಳೆ ಮರಿಹುಳು) 80-90% ತೇವ ಬೇಕು, ದೊಡ್ಡ ಹುಳುವಿಗೂ 65-70%. ನಿಮ್ಮ ಕಾಯಿಗೆ ಒಣ ಗಾಳಿ. ರೇಷ್ಮೆ ಹುಳುವಿನ ಮೇಲೆ ಮೊಟ್ಟೆ ಇಟ್ಟು ಸಾಯಿಸೋ ಊಜಿ ನೊಣ ಬಾರದಂತೆ ಸುತ್ತ ಪರದೆ ಕಟ್ಟಬೇಕು, ಬೆಳೆಬೆಳೆಗೂ ಬ್ಲೀಚಿಂಗ್ ಪುಡಿ-ಸುಣ್ಣದ ನೀರು ಹೊಡೆಯಬೇಕು, ಆ ತೇವವೆಲ್ಲ ಮತ್ತೆ ಮರಕ್ಕೇ. ಇನ್ನು ಕಂಬಕ್ಕೆ ಗೆದ್ದಲು ಔಷಧಿ ಹಾಕಿದಿರೋ, ಹುಳುವಿನ ಕಥೆ ಮುಗೀತು.

ಹಿತ್ತಲಮನೆ:
ಸರಿ, ರೇಷ್ಮೆ ಬಿಟ್ಟೆ. ಕಂಬದ ನಡುವೆ 10 ಅಡಿ ಇದೆ. ಉಳುಮೆಯ ಪವರ್ ಟಿಲ್ಲರ್ ನಿಲ್ಲಿಸಿ, ಉಳಿದ ಜಾಗದಲ್ಲಿ ಕಾಯಿ ಸುಲಿದರೆ?

ಉಳಿಬಾಚಿ:
ಧಾರಾಳವಾಗಿ. ಟಿಲ್ಲರ್ ತಿರುಗೋ ಕಡೆ ಕಂಬದ ಮುಂದೆ ಒಂದೊಂದು ಗುಂಡುಕಲ್ಲು ಹೂಳಿ. ಸುಲಿದ ಕಾಯಿ ಮಟ್ಟೆ ರಾಶಿ ಕಂಬಕ್ಕೆ ಒರಗಿಸಬೇಡಿ, ಗೆದ್ದಲು ಹತ್ತೋದೇ ಅದರ ಮರೆಯಲ್ಲಿ. ಡೀಸೆಲ್ ಕ್ಯಾನ್ ಮಾತ್ರ ಹೊರಗೇ ಇರಲಿ.