ಎಸ್‌ಟಿಟಿ3ಎ ಇಳಿದಿದೆ, ಡೆಂಗಿ ಮಾತ್ರ ಜಗ್ತಿಲ್ಲ!

ಕೋಶಗಣಿ: ಮೂರು ಸಲ ಮಾಡಿದ್ರೂ ಅದೇ ಹಣೆಬರಹ. ಎಸ್‌ಟಿಟಿ3ಎ (ಪ್ರೋಟೀನ್‌ಗೆ ಸಕ್ಕರೆ ಅಂಟಿಸೋ ಕಿಣ್ವದ ಜೀನ್) ಇಳಿಸೋಕೆ ಎಸ್‌ಐಆರ್‌ಎನ್‌ಎ (ಜೀನ್‌ನ ಬಾಯಿ ಮುಚ್ಚಿಸೋ ಪುಟ್ಟ ಆರ್‌ಎನ್‌ಎ) ಹಾಕಿ, ಸೆಲ್‌ಗಳಿಗೆ ಡೆಂಗಿ-2 ವೈರಸ್ ಸೋಂಕು ಕೊಟ್ಟೆ. ಜೀನ್‌ನ ಎಂಆರ್‌ಎನ್‌ಎ ಶೇ 85 ಇಳಿದಿದೆ. ವೈರಸ್ ಆರ್‌ಎನ್‌ಎ ಕಂಟ್ರೋಲ್‌ನಷ್ಟೇ, ಸಿಟಿ (ಪಿಸಿಆರ್‌ನಲ್ಲಿ ಸಿಗ್ನಲ್ ಕಾಣೋ ಸೈಕಲ್; ಒಂದು ಹೆಚ್ಚಾದ್ರೆ ಆರ್‌ಎನ್‌ಎ ಸುಮಾರು ಅರ್ಧ) ವ್ಯತ್ಯಾಸ ಬರೀ 0.4. 2016ರ ಕ್ರಿಸ್ಪರ್ ಸ್ಕ್ರೀನ್‌ನಲ್ಲಿ (ಒಂದೊಂದೇ ಜೀನ್ ಕತ್ತರಿಸಿ ನೋಡೋದು) ಈ ಜೀನ್ ತೆಗೆದ್ರೆ ಡೆಂಗಿ ಬೆಳೆಯೋದೇ ಇಲ್ಲ ಅಂತಿದೆ. ನಾನಂತೂ ಪ್ರೋಟೊಕಾಲ್ ಬಿಟ್ಟು ಏನೂ ಮಾಡಿಲ್ಲ.

ಪ್ಲಾಕ್‌ಪ್ಲೇಟ್: ಯಾವ ಸೆಲ್? ಎಂಒಐ (ಒಂದು ಸೆಲ್‌ಗೆ ಎಷ್ಟು ವೈರಸ್) ಎಷ್ಟು? ಎಷ್ಟನೇ ಗಂಟೆಗೆ ತೆಗೆದ್ರಿ? ಉಪ್ಪಿಟ್ಟು ಕೆಟ್ಟೋಯ್ತು ಅಂದ್ರೆ ಸಾಲದು, ನೀರೆಷ್ಟು ಹಾಕಿದ್ರಿ ಹೇಳಿ.

ಹೆಬ್ಬಾಳ_ಫ್ಲಾಸ್ಕ್: ಮೈಕೋಪ್ಲಾಸ್ಮಾ (ಸೆಲ್ ಕಲ್ಚರ್‌ಗೆ ಸೇರ್ಕೊಳ್ಳೋ ಬ್ಯಾಕ್ಟೀರಿಯಾ) ಇರಬೇಕು. ಡ್ಯಾಪಿ (ಡಿಎನ್‌ಎಗೆ ಅಂಟೋ ಬಣ್ಣ) ಹಾಕಿ ನೋಡಿ, ನ್ಯೂಕ್ಲಿಯಸ್ ಆಚೆ ಚುಕ್ಕಿ ಚುಕ್ಕಿ ಕಂಡ್ರೆ ಫ್ಲಾಸ್ಕ್ ಎಸೀರಿ.

ಕೋಶಗಣಿ: ಹ್ಯೂ7 (ಮನುಷ್ಯರ ಲಿವರ್ ಸೆಲ್), ಎಂಒಐ 5. ಟ್ರಾನ್ಸ್‌ಫೆಕ್ಷನ್ (ಎಸ್‌ಐಆರ್‌ಎನ್‌ಎ ಸೆಲ್ ಒಳಗೆ ಹಾಕೋದು) ಆಗಿ 24 ಗಂಟೆಗೆ ಸೋಂಕು, ಇನ್ನೊಂದು 24 ಗಂಟೆಗೆ ಲೈಸಿಸ್ (ಸೆಲ್ ಒಡೆಯೋದು). ಆರ್‌ಎನ್‌ಎ ಅಳೆಯೋ ಕ್ಯೂಪಿಸಿಆರ್ ಪ್ರೈಮರ್ ವೈರಸ್ ಜೀನೋಮ್‌ನ 3' ಯುಟಿಆರ್ (ಪ್ರೋಟೀನ್ ಆಗದ ಕೊನೇ ಭಾಗ) ಮೇಲೆ. ಮೈಕೋಪ್ಲಾಸ್ಮಾ ಪಿಸಿಆರ್ ನೆಗೆಟಿವ್.

ಹೆಬ್ಬಾಳ_ಫ್ಲಾಸ್ಕ್: ಪಿಸಿಆರ್‌ಗೆ ಪಾಸಿಟಿವ್ ಕಂಟ್ರೋಲ್ ಇಟ್ಟಿದ್ರಾ? ನೆಗೆಟಿವ್ ಅಂದ ತಕ್ಷಣ ನಂಬೋಕಾಗಲ್ಲ.

ಪ್ಲಾಕ್‌ಪ್ಲೇಟ್: ಫ್ಲಾಸ್ಕ್ ಅವರೇ, ಅದನ್ನ ಬಿಡಿ ಸ್ವಲ್ಪ. ಕೋಶಗಣಿ, ನಿಮ್ಮದು ಒಂದಲ್ಲ, ಮೂರು ಕಡೆ ಸೋರ್ತಿದೆ. ಮೊದಲು ಪ್ರೋಟೀನ್. ಎಸ್‌ಟಿಟಿ3ಎ ಇಆರ್ (ಸೆಲ್‌ನೊಳಗೆ ಪ್ರೋಟೀನ್ ತಯಾರಾಗೋ ಜಾಲ) ಪೊರೆಯಲ್ಲಿ ಕೂತಿರೋದು, ಎಂಆರ್‌ಎನ್‌ಎ ಹೋದ ತಕ್ಷಣ ಅದು ಹೋಗಲ್ಲ. ವೈರಸ್ ಬಂದಾಗ ಹಳೇ ಸ್ಟಾಕ್ ಅಲ್ಲೇ ಇದೆ, ಅದಕ್ಕೆ ಅಷ್ಟು ಸಾಕು. 0 ಮತ್ತು 48ನೇ ಗಂಟೆಗೆ ಎರಡು ಸಲ ಟ್ರಾನ್ಸ್‌ಫೆಕ್ಟ್ ಮಾಡಿ, 72ಕ್ಕೆ ಸೋಂಕು ಕೊಡಿ, ಅದೇ ಹೊತ್ತಿಗೆ ಒಂದು ವೆಲ್ ವೆಸ್ಟರ್ನ್‌ಗೆ (ಪ್ರೋಟೀನ್ ಎಷ್ಟಿದೆ ನೋಡೋ ಪರೀಕ್ಷೆ) ತೆಗೀರಿ. ಎರಡನೇದು, ಎಂಒಐ 5 ಅಂದ್ರೆ ನೀವೇ ಸುರಿದ ಆರ್‌ಎನ್‌ಎನ ಅಳೀತಿದ್ದೀರಿ. 0.1ಕ್ಕೆ ಇಳಿಸಿ, 1 ಗಂಟೆ ಆದ್ಮೇಲೆ ಪಿಬಿಎಸ್‌ನಲ್ಲಿ (ಉಪ್ಪಿನ ದ್ರಾವಣ) 3 ಸಲ ತೊಳೀರಿ, ತೊಳೆದ ತಕ್ಷಣ ಒಂದು ಸ್ಯಾಂಪಲ್ ಇಟ್ಕೊಳ್ಳಿ. ಮೂರನೇದೇ ಮಜಾ: ಸೆಲ್‌ನ ಎಕ್ಸ್‌ಆರ್‌ಎನ್1 ಕಿಣ್ವ ವೈರಸ್ ಜೀನೋಮನ್ನ 5' ತುದಿಯಿಂದ ಮೇಯ್ತಾ ಬಂದು 3' ಯುಟಿಆರ್ ಮಡಿಕೆಗೆ ಸಿಕ್ಕಿಹಾಕ್ಕೊಳ್ಳುತ್ತೆ. ಉಳಿಯೋ ಆ ತುಂಡೇ ಎಸ್‌ಎಫ್‌ಆರ್‌ಎನ್‌ಎ. ನಿಮ್ಮ ಪ್ರೈಮರ್ ಅದನ್ನೂ ಜೀನೋಮ್ ಅಂತ ಲೆಕ್ಕ ಹಾಕ್ತಿದೆ. ಆ ತುಂಡಿನಲ್ಲಿಲ್ಲದ ಎನ್‌ಎಸ್5 ಭಾಗದ ಮೇಲೆ ಪ್ರೈಮರ್ ಹಾಕಿ.

ಯಲಹಂಕ560064: ಇಷ್ಟೆಲ್ಲ ಯಾಕೆ, ಟ್ಯುನಿಕಾಮೈಸಿನ್ ಹಾಕಿ ಗ್ಲೈಕೋಸೈಲೇಷನ್ (ಆ ಸಕ್ಕರೆ ಅಂಟಿಸೋ ಕೆಲಸ) ನಿಲ್ಲಿಸಿದ್ರೆ ಮುಗೀತಲ್ಲ?

ಪ್ಲಾಕ್‌ಪ್ಲೇಟ್: ಅದು ಬೇರೆ ಪ್ರಶ್ನೆಗೆ ಉತ್ತರ. ಜೀನ್ ತೆಗೆದ ಸೆಲ್‌ಗೆ ಕಿಣ್ವದ ಕೆಲಸ ಕೆಡಿಸಿದ ಎಸ್‌ಟಿಟಿ3ಎ ವಾಪಸ್ ಕೊಟ್ರೂ ಡೆಂಗಿ ಬೆಳೆಯುತ್ತೆ. ಅದಕ್ಕೆ ಬೇಕಿರೋದು ಆ ಪ್ರೋಟೀನ್ ಅಲ್ಲಿರೋದು.

ಯಲಹಂಕ560064: ಹಾಗಾದ್ರೆ ಎನ್‌ಜಿಐ-1 ಯಾಕೆ ಡೆಂಗಿನ ತಡೆಯುತ್ತೆ? ಅದೂ ಆ ಕಿಣ್ವದ ಇನ್ಹಿಬಿಟರ್ ತಾನೆ?

ಪ್ಲಾಕ್‌ಪ್ಲೇಟ್: ತಡೆಯುತ್ತೆ, ನಿಜ. ಆದ್ರೆ ಗ್ಲೈಕೋಸೈಲೇಷನ್ ನಿಂತಿದ್ದಕ್ಕೇ ತಡೀತು ಅಂತ ಅದರಿಂದ ಸಾಬೀತಾಗಲ್ಲ.

ಹೆಬ್ಬಾಳ_ಫ್ಲಾಸ್ಕ್: ಕರೆಂಟ್ ಹೋದಾಗ ಇನ್‌ಕ್ಯುಬೇಟರ್ ಬಿಸಿ ಇಳಿದಿರಬಹುದು. ನಮ್ಮದಕ್ಕೆ ಬೇರೆ ಯುಪಿಎಸ್, ಮೇಲೊಂದು ಡೀಸೆಲ್ ಸೆಟ್, ಟ್ರೇಗೆ ಆಟೋಕ್ಲೇವ್ ಮಾಡಿದ ನೀರು. ಬೋರ್ ನೀರು ಹಾಕೋರಿಗೆ ಫಂಗಸ್ ಗ್ಯಾರಂಟಿ.

ಯಲಹಂಕ560064: ಡೀಸೆಲ್ ಸೆಟ್ ಶುರು ಆಗೋವರೆಗೆ ಸಿಒ2 ವಾಲ್ವ್ ಏನ್ ಮಾಡುತ್ತೆ?

ಹೆಬ್ಬಾಳ_ಫ್ಲಾಸ್ಕ್: ಯುಪಿಎಸ್ ಅಂದ್ನಲ್ಲ ಸ್ವಾಮಿ!

ಕೋಶಗಣಿ: ವೆಸ್ಟರ್ನ್ ಬಂತು. 24ಕ್ಕೆ ಬ್ಯಾಂಡ್ ಕಂಟ್ರೋಲ್‌ನಷ್ಟೇ ದಪ್ಪ, 72ಕ್ಕೆ ಬರೀ ನೆರಳು. ಎನ್‌ಎಸ್5 ಪ್ರೈಮರ್, ಎಂಒಐ 0.1, ತೊಳೆದು ಮಾಡಿದ್ದು: ಸಿಟಿ ವ್ಯತ್ಯಾಸ 3.1.

ಪ್ಲಾಕ್‌ಪ್ಲೇಟ್: ಅಂದ್ರೆ 8 ಪಟ್ಟು ಮೇಲೆ. ಸೆಲ್ ಎಣಿಸಿದ್ರಾ? ನಾಕ್‌ಡೌನ್‌ನಲ್ಲಿ (ಜೀನ್ ಇಳಿಸಿದ ವೆಲ್) ಸೆಲ್ಲೇ ಕಮ್ಮಿ ಆಗಿದ್ರೆ ವೈರಸ್ಸೂ ಕಮ್ಮಿ. ಬೇರೆ ಸೀಕ್ವೆನ್ಸ್‌ನ ಎರಡನೇ ಎಸ್‌ಐಆರ್‌ಎನ್‌ಎಯಲ್ಲೂ ಇದೇ ಬರಬೇಕು, ಜೊತೆಗೆ ಸೂಪರ್‌ನೇಟೆಂಟ್ (ಸೆಲ್ ಮೇಲಿನ ದ್ರವ) ತೆಗೆದು ಪ್ಲಾಕ್ (ಸೋಂಕು ತರೋ ವೈರಸ್ ಎಣಿಸೋ ಪರೀಕ್ಷೆ) ಹಾಕಿ.

ಚಿಕನ್‌ಗುನ್ಯಾ_ಬೆಂಚ್: ನಡುವೆ ಬಾಯಿ ಹಾಕ್ತೀನಿ. ನಂದು ಚಿಕನ್‌ಗುನ್ಯಾ, ಪ್ರೈಮರ್ ಇ1 (ವೈರಸ್ ಹೊರಕವಚದ ಪ್ರೋಟೀನ್) ಭಾಗದ ಮೇಲಿದೆ. ನನಗೂ ಈ ಎಸ್‌ಎಫ್‌ಆರ್‌ಎನ್‌ಎ ಕಾಟ ಇದ್ಯಾ?

ಪ್ಲಾಕ್‌ಪ್ಲೇಟ್: ಅದಲ್ಲ, ನಿಮಗೆ ಬೇರೆ ಕಾಟ. ಇ1 ಭಾಗ 26ಎಸ್ ಸಬ್‌ಜೀನೋಮಿಕ್ ಆರ್‌ಎನ್‌ಎಯಲ್ಲೂ (ಜೀನೋಮ್‌ನ ಕೊನೇ ಭಾಗದಷ್ಟೇ ಇರೋ ಚಿಕ್ಕ ಪ್ರತಿ) ಇದೆ, ಎರಡೂ ಸೇರಿ ಲೆಕ್ಕ ಬರುತ್ತೆ. ಜೀನೋಮ್ ಮಾತ್ರ ಬೇಕಂದ್ರೆ ಆ ಚಿಕ್ಕದರಲ್ಲಿಲ್ಲದ ಎನ್‌ಎಸ್‌ಪಿ1 ಭಾಗದ ಮೇಲೆ ಹಾಕಿ.